ಕೆನ್ನೊರೆ ಏಳದ ಮನೆ

ನಾನು ಹಿಟ್ಟು ಮಾರುವವಳು. ದೋಸೆಹಿಟ್ಟು, ಇಡ್ಲಿಹಿಟ್ಟು, ಜೊತೆಗೆ ಒಂದಿಷ್ಟು ಗಟ್ಟಿಮೊಸರು. ನಮ್ಮೂರಲ್ಲಿ ಮುನಿಸು ಇರುವ ಮನೆಯಲ್ಲಿ ಹಿಟ್ಟು ಹುಳಿಯುವುದಿಲ್ಲ, ಹಾಲು ಹೆಪ್ಪುಗಟ್ಟುವುದಿಲ್ಲ. ಗಂಡ ಹೆಂಡತಿ ಮಾತು ಬಿಟ್ಟರೆ ಮರುದಿನ ಬೆಳಿಗ್ಗೆ ರುಬ್ಬಿಟ್ಟ ಹಿಟ್ಟು ಇಟ್ಟ ಹಾಗೆಯೇ ತಣ್ಣಗೆ ತಳ ಹಿಡಿದು ಕೂತಿರುತ್ತದೆ. ಆಗ ಆ ಮನೆಯವರು ಯಾರಾದರೂ ಸೆರಗಿನಡಿ ಡಬ್ಬಿ ಮುಚ್ಚಿಕೊಂಡು ನನ್ನ ಅಂಗಡಿಯ ಬಾಗಿಲಿಗೆ ಬರುತ್ತಾರೆ. ನಾನು ಏನೂ ಕೇಳುವುದಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದೇನೆ, ಮನಸ್ಸಿನಲ್ಲಿ ಯಾರ ಮೇಲೂ ಏನೂ ಇಟ್ಟುಕೊಳ್ಳದಂತೆ ನೋಡಿಕೊಳ್ಳುತ್ತೇನೆ. ಅದು ಒಳ್ಳೆಯತನ ಅಂತಲ್ಲ, ನನ್ನ ಕಸುಬೇ ಹಾಗೆ.

ಊರವರು ಇದಕ್ಕೆ ಒಗ್ಗಿಹೋಗಿದ್ದಾರೆ. ಹೆಣ್ಣು ನೋಡಲು ಬಂದವರಿಗೆ ಇಡ್ಲಿಯ ಬದಲು ಉಪ್ಪಿಟ್ಟು ಬಡಿಸಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅತ್ತೆ ಸೊಸೆ ಜಗಳವಾಡಿದ ಮನೆಯಲ್ಲಿ ಆ ವಾರವಿಡೀ ಚಪಾತಿ. ಆದರೆ ಯಾರ ಮನಸ್ಸಿನ ಕಹಿಯಿಂದ ಹಿಟ್ಟು ಏಳಲಿಲ್ಲ ಎನ್ನುವುದು ಮಾತ್ರ ತಿಳಿಯುವುದಿಲ್ಲ. ಇಬ್ಬರೂ ಒಂದೇ ಮನೆಗೆ ಸೇರಿದವರು, ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಸೇತುವೆ ದಾಟಿದರೆ ಈ ಕಟ್ಟುಪಾಡಿಲ್ಲ. ಅಲ್ಲಿ ಎಂಥ ಹಗೆ ಇಟ್ಟುಕೊಂಡವರ ಮನೆಯಲ್ಲೂ ಹಿಟ್ಟು ಉಕ್ಕುತ್ತದಂತೆ.

ನನ್ನ ಅಂಗಡಿಗೆ ತಪ್ಪದೆ ಬರುತ್ತಿದ್ದವಳು ಕೆಂಚಮ್ಮ. ನನಗಿಂತ ಹಿರಿಯಳು, ಆದರೂ ಗೆಳತಿ. ಬಟ್ಟೆ ಹೊಲಿಯುತ್ತಿದ್ದಳು. ಊರಿನ ಅರ್ಧ ಹೆಂಗಸರ ರವಿಕೆ ಅವಳ ಕೈಯದೇ. ಮಡಕೆ ಬೀದಿಯ ಕೊನೆಯಲ್ಲಿ, ಅವಳಪ್ಪ ಸಿದ್ದಯ್ಯ ಕಟ್ಟಿಸಿದ ದೊಡ್ಡ ಮನೆಯಲ್ಲಿ ಒಂಟಿಯಾಗಿದ್ದಳು. ಒಂಟಿಯಾಗಿದ್ದರೂ ಅವಳ ಮನೆಯಲ್ಲಿ ಮೊಸರು ಆಗುತ್ತಿರಲಿಲ್ಲ. ಅದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಎಲ್ಲರೂ ತಿಳಿದಿದ್ದೆವು. ದೂರದಲ್ಲೆಲ್ಲೋ ಇದ್ದರೂ ಅದೇ ಮನೆಗೆ ಸೇರಿದ ಅವಳಣ್ಣ ಮರಿಸಿದ್ದ ಹಗೆ ಸಾಧಿಸುತ್ತಿದ್ದಾನೆ, ಮನೆ ಬಿಟ್ಟು ಓಡಿಹೋಗಬೇಕಾಯಿತಲ್ಲ ಎಂಬ ಸಿಟ್ಟು ಅವನಿಗೆ, ಪಾಪ ಇವಳೇನು ಮಾಡಿಯಾಳು ಎನ್ನುತ್ತಿದ್ದೆವು.

ಸಿದ್ದಯ್ಯನ ಮನೆ ಎಂದರೆ ಒಂದು ಕಾಲಕ್ಕೆ ಕೆನ್ನೊರೆಯ ಮನೆ. ಕೆನ್ನೊರೆ ನಮ್ಮೂರಿನ ಹಳೆಯ ಬಿಯರು. ರಾಗಿ ನೆನೆಸಿ, ಮೊಳಕೆ ಬರಿಸಿ, ಚಾವಣಿಯ ಮೇಲೆ ಒಣಗಿಸಿ, ತರಿತರಿಯಾಗಿ ಬೀಸಿ, ದೊಡ್ಡ ಗುಡಾಣದಲ್ಲಿ ಕುದಿಸಿ ಆರಿಸುತ್ತಿದ್ದರು. ಗುಡ್ಡದಲ್ಲಿ ಬಿಡುವ ಒಂದು ಕೆಂಪು ಹೂವನ್ನು ಒಣಗಿಸಿ ಅದರಲ್ಲಿ ಹಾಕಿದರೆ, ತಾನಾಗಿ ಹುದುಗು ಬಂದು, ಬಾಯಿತುಂಬ ಕೆಂಪಗಿನ ನೊರೆ ಏಳುತ್ತಿತ್ತು. ಸುಗ್ಗಿ ಮುಗಿದ ಹುಣ್ಣಿಮೆಗೆ ಊರೆಲ್ಲ ಸಿದ್ದಯ್ಯನ ಅಂಗಳದಲ್ಲಿ ಸೇರುತ್ತಿತ್ತು. ಮುದುಕರಿಂದ ಹಿಡಿದು ಬಾಣಂತಿಯರವರೆಗೆ ಎಲ್ಲರಿಗೂ ಒಂದೊಂದು ಲೋಟ.

ಕೆಂಚಮ್ಮನಿಗೆ ಹತ್ತೊಂಬತ್ತಾದ ವರ್ಷ ಸಿದ್ದಯ್ಯ ಕಾಲು ಮುರಿದುಕೊಂಡು ಮಲಗಿದ. ಆ ಸಲದ ಕೆನ್ನೊರೆಯನ್ನು ಪೂರ್ತಿ ಅವಳೇ ಮಾಡಿದಳು. ಮರಿಸಿದ್ದ ನೀರು ಹೊತ್ತ, ಸೌದೆ ಒಡೆದ, ಅಷ್ಟೇ. ಹುಣ್ಣಿಮೆಯ ಸಂಜೆ ಊರವರು ಕುಡಿದು ಬೆರಗಾದರು. ಸಿದ್ದಯ್ಯನ ಕೈಯಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ ಎಂದರು. ಯಾರಪ್ಪ ಮಾಡಿದ್ದು ಈ ಸಲ ಎಂದು ಹಿರಿಯರೊಬ್ಬರು ಕೇಳಿದಾಗ, ಮುಂದೆ ನಿಂತಿದ್ದ ಮರಿಸಿದ್ದ ‘ನಾನೇ’ ಎಂದುಬಿಟ್ಟ. ಅವನ ಕೊರಳಿಗೆ ಹಾರ ಬಿತ್ತು. ಕೆಂಚಮ್ಮ ಹಿಂದೆ, ಗುಡಾಣದ ಪಕ್ಕ, ಸೌಟು ಹಿಡಿದು ನಿಂತಿದ್ದಳು.

ಅಣ್ಣ ತಪ್ಪಾಯ್ತೆಂದರೂ ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ಮಾಡಿದ್ದು ಅವಳೇ ಎಂಬುದು ಮೆಲ್ಲಗೆ ಊರಿಗೂ ತಿಳಿಯಿತು. ಮುಂದಿನ ಸಲ ಗುಡಾಣದಲ್ಲಿ ನೊರೆ ಏಳಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಸಿದ್ದಯ್ಯ ಊರುಗೋಲು ಹಿಡಿದು ಬಂದು ಗುಡಾಣದ ಮುಂದೆ ಕೂರುತ್ತಿದ್ದನಂತೆ. ‘ಹೋಗ್ಲಿ ಬಿಡವ್ವ, ನಿನ್ನ ಅಣ್ಣ ತಾನೆ’ ಎಂದು ಮಗಳನ್ನು ಬೇಡಿಕೊಳ್ಳುತ್ತಿದ್ದ. ‘ನಾನು ಬಿಟ್ಟು ಯಾವ ಕಾಲ ಆಯ್ತಪ್ಪ. ಅವನನ್ನ ಕೇಳು’ ಎನ್ನುತ್ತಿದ್ದಳು. ಊರವರು ಮರಿಸಿದ್ದನನ್ನು ಕಂಡರೆ ಮುಖ ತಿರುಗಿಸತೊಡಗಿದರು. ತಂಗಿಯ ಹೆಸರು ಕದ್ದದ್ದಲ್ಲದೆ ಊರಿನ ಲೋಟವನ್ನೂ ಕಸಿದುಕೊಂಡ ಎಂದು ಬೈದರು. ಅವನು ಒಂದು ಬೆಳಿಗ್ಗೆ ಸೇತುವೆ ದಾಟಿ ಹೋದ. ಅದಾದ ಮೇಲೆ ಸಿದ್ದಯ್ಯ ಹೆಚ್ಚು ದಿನ ಬದುಕಲಿಲ್ಲ. ಗುಡಾಣಗಳನ್ನು ಕೆಂಚಮ್ಮ ಬೋರಲು ಹಾಕಿಟ್ಟಳು. ಮದುವೆಯ ಮಾತು ಬಂದಾಗಲೆಲ್ಲ, ಮೊಸರಾಗದ ಮನೆಯ ಹೆಣ್ಣನ್ನು ಯಾರು ಒಯ್ಯುತ್ತಾರೆ ಎಂದು ತಾನೇ ಹೇಳಿ ಕಳಿಸಿಬಿಡುತ್ತಿದ್ದಳು.

ಇದೆಲ್ಲ ನಾನು ಈ ಊರಿಗೆ ಸೊಸೆಯಾಗಿ ಬರುವ ಮೊದಲಿನ ಮಾತು. ಕಣ್ಣಾರೆ ಕಂಡದ್ದು ಇನ್ನು ಮುಂದಿನದು.

ಬಸ್‌ಸ್ಟ್ಯಾಂಡ್ ಹತ್ತಿರ ಲಾಡ್ಜ್ ನಡೆಸುವ ಫಾಲಾಕ್ಷ ಹಳೇ ಸಂತೆಮೈದಾನದಲ್ಲಿ ಬಿಯರ್ ಹಬ್ಬ ಶುರುಮಾಡಿದ್ದ. ಹೊರಗಿನ ಕಂಪನಿಗಳು ಪೀಪಾಯಿ ತುಂಬಿಕೊಂಡು ಬಂದು ಮಳಿಗೆ ಹಾಕುತ್ತಿದ್ದವು, ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು, ಲಾಡ್ಜ್ ತುಂಬುತ್ತಿತ್ತು. ಬಂದವರು ಮಾತ್ರ ಪ್ರತಿಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ನಿಮ್ಮೂರಿನದು ಯಾವುದು ಎಂದು. ಫಾಲಾಕ್ಷ ಗೋಲಿಸೋಡಾ ತೋರಿಸುತ್ತಿದ್ದ. ಅವನಿಗೆ ಅದು ಅವಮಾನವೆನಿಸಿರಬೇಕು. ಒಂದು ದಿನ ನನ್ನನ್ನೂ ಕರೆದುಕೊಂಡು ಕೆಂಚಮ್ಮನ ಮನೆಗೆ ಬಂದು ಜಗಲಿಯ ಮೇಲೆ ಕೂತ.

‘ಕೆನ್ನೊರೆ ಕುಡಿದವರು ಊರಲ್ಲಿ ಇನ್ನೂ ನಾಲ್ಕೈದು ಜನ ಇದ್ದಾರೆ. ಅವರು ಹೋದರೆ ಅದರ ರುಚಿ ಹೇಗಿತ್ತು ಅಂತ ಹೇಳೋಕೂ ಯಾರೂ ಇರಲ್ಲ. ನೀವು ಮಾಡಿಕೊಡಬೇಕು’ ಎಂದ.

ಕೆಂಚಮ್ಮ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ. ‘ಈ ಮನೇಲಿ ಹಾಲೇ ಹೆಪ್ಪಾಗಲ್ಲ. ಕೆನ್ನೊರೆ ಎಲ್ಲಿಂದ ಎದ್ದೀತು.’

‘ಹಬ್ಬದ ಬಾಗಿಲಲ್ಲೇ ದೊಡ್ಡ ಬೋರ್ಡ್ ಹಾಕಿಸ್ತೀನಿ. ಕೆಂಚಮ್ಮನ ಕೆನ್ನೊರೆ ಅಂತ.’

ಮಿಷನ್ನು ನಿಂತಿತು. ಅವಳ ಮುಖ ನನಗೆ ಚೆನ್ನಾಗಿ ನೆನಪಿದೆ. ಬೆಳಕು ಹೆಚ್ಚಾದರೆ ಕಣ್ಣು ಕಿರಿದು ಮಾಡುತ್ತೇವಲ್ಲ, ಹಾಗೆ ಮಾಡಿದಳು. ಆಮೇಲೆ ದಾರ ಕಡಿದು, ‘ರಾಗಿ ಹಳೇದಾಗಿರಬಾರದು’ ಎಂದಳು.

ಗುಡಾಣಗಳನ್ನು ಎತ್ತಿ ನಿಲ್ಲಿಸಿದೆವು. ಮೂರರಲ್ಲಿ ಎರಡು ಸೀಳು ಬಿಟ್ಟಿದ್ದವು. ಉಳಿದದ್ದನ್ನು ಹುಣಸೆ ನೀರಲ್ಲಿ ತಿಕ್ಕಿ, ಬಿಸಿಲಿಗೆ ಇಟ್ಟು, ಹೊಗೆ ಹಾಕಿದಳು. ಮೊಳಕೆ ಬಂದ ರಾಗಿಯನ್ನು ಬೊಗಸೆಯಲ್ಲಿ ಹಿಡಿದು ಮೂಸಿದಾಗ ಅವಳು ಎಷ್ಟೋ ವರ್ಷ ಚಿಕ್ಕವಳಾದಂತೆ ಕಂಡಳು. ಗುಡ್ಡಕ್ಕೆ ತಾನೇ ಹತ್ತಿ ಹೂ ತಂದಳು. ನನಗೆ ಒಂದೊಂದನ್ನೂ ತೋರಿಸಿ ಹೇಳುತ್ತಿದ್ದಳು, ಹೀಗೆ ತಿರುವಬೇಕು, ಇಷ್ಟು ಬಿಸಿ ಇದ್ದಾಗ ಹೂ ಹಾಕಬಾರದು, ಕೈಗೆ ಎಳೇ ಮಗುವಿನ ಮೈ ಮುಟ್ಟಿದ ಹಾಗಿರಬೇಕು ಎಂದು. ಅಷ್ಟು ಮಾತಾಡುವ ಕೆಂಚಮ್ಮನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಗುಡಾಣ ಏಳಲಿಲ್ಲ. ಮುಚ್ಚಳ ತೆಗೆದಾಗ ಗಂಜಿ ಗಂಜಿಯಾಗಿಯೇ ಇತ್ತು, ಹೂಗಳು ಒದ್ದೆ ಚಿಂದಿಯಂತೆ ತೇಲುತ್ತಿದ್ದವು. ಇನ್ನೊಂದು ಸಲ ಮಾಡಿದಳು. ಅದೂ ಹಾಗೆಯೇ ಆಯಿತು. ಫಾಲಾಕ್ಷ ಬಗ್ಗಿ ನೋಡಿ, ತಲೆ ಕೆರೆದುಕೊಂಡು, ಎಲ್ಲರ ಮನಸ್ಸಿನಲ್ಲಿದ್ದುದನ್ನು ಹೇಳಿದ. ‘ನಿಮ್ಮಣ್ಣ ಬಂದು ರಾಜಿಯಾಗದೆ ಇದು ಆಗೋ ಕೆಲಸ ಅಲ್ಲಮ್ಮ.’

‘ಕರ್ಕೊಂಡ್ ಬನ್ನಿ. ನನ್ನ ಕಡೆಯಿಂದ ಏನೂ ಇಲ್ಲ’ ಎಂದಳು ಕೆಂಚಮ್ಮ.

ಫಾಲಾಕ್ಷ ತನ್ನ ಕಾರಿನಲ್ಲೇ ಹೋಗಿ ಮರಿಸಿದ್ದನನ್ನು ಕರೆತಂದ. ನಾನು ದಪ್ಪ ಮೀಸೆಯ ಗಡುಸು ಮನುಷ್ಯನನ್ನು ಎಣಿಸಿಕೊಂಡಿದ್ದೆ. ಇಳಿದವನು ಸಣಕಲು ಮುದುಕ, ಕಾಲರು ಸವೆದ ಬಿಳಿ ಅಂಗಿ, ಕೆಮ್ಮು. ಎಲ್ಲೋ ಒಂದು ಬೇಕರಿಯಲ್ಲಿ ಒಲೆಯ ಮುಂದೆ ಜೀವ ಸವೆಸಿದ್ದನಂತೆ. ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಾರದೆ ನಿಂತ. ಬೀದಿಯವರೆಲ್ಲ ನೆರೆದಿದ್ದರು.

‘ತಪ್ಪಾಯ್ತು ಕೆಂಚಿ. ಅವತ್ತೂ ಹೇಳ್ದೆ, ಈಗ್ಲೂ ಹೇಳ್ತಿದ್ದೀನಿ. ಯಾಕೆ ಹಂಗಂದೆ ಅಂತ ನಂಗೇ ಗೊತ್ತಿಲ್ಲ. ಬಾಯಿ ತೆರೆದೆ, ಅದು ಬಂದುಬಿಡ್ತು.’

ಕೆಂಚಮ್ಮ ಎಲ್ಲರಿಗೂ ಕೇಳುವ ಹಾಗೆ, ‘ಕ್ಷಮಿಸಿದ್ದೀನಿ. ಒಳಗೆ ಬಾ’ ಎಂದಳು. ಕೆಲವರು ಕಣ್ಣೊರೆಸಿಕೊಂಡರು. ಫಾಲಾಕ್ಷ ಬೋರ್ಡು ಬರೆಯಲು ಹೇಳಿಕಳಿಸಿದ.

ಅಣ್ಣ ತಂಗಿ ಸೇರಿ ಮೂರನೆಯ ಸಲ ಗುಡಾಣ ಕೂಡಿಸಿದರು. ಅವಳು ‘ನೀರು’ ಎಂದರೆ ಅವನು ನೀರು ಹೊಯ್ಯುತ್ತಿದ್ದ. ಬೇರೆ ಮಾತಿಲ್ಲ. ಅದೂ ಏಳದೆ ಹೋದಾಗ ಕೆಂಚಮ್ಮ ನನ್ನ ಅಂಗಡಿಯ ಮುಂದೆ ಬೀದಿಗೆ ಕಾಲು ಚಾಚಿ ಕೂತಳು.

‘ಅವನ ಮನಸ್ಸಲ್ಲಿ ಐತೆ ಕಣೆ ರಂಗಿ. ಮೇಲೆ ಮೇಲೆ ತಪ್ಪಾಯ್ತು ಅಂತಾನೆ. ಒಳಗೆ ಕುದೀತಾವನೆ. ಊರು ಬಿಡಿಸಿದ್ರು ಅಂತ.’

ನಾನು ಹೌದೆಂದೆ. ನನಗೂ ಹಾಗೆಯೇ ಅನಿಸಿತ್ತು.

ಒಂದೇ ಮನೆಯಲ್ಲಿ ಇಬ್ಬರಿಗೂ ಕಷ್ಟವಾಗುತ್ತಿದ್ದುದರಿಂದ ಮರಿಸಿದ್ದ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗತೊಡಗಿದ್ದ. ಸುಮ್ಮನೆ ಕೂರುವ ಜಾತಿಯಲ್ಲ. ನನ್ನ ರುಬ್ಬುವ ಕಲ್ಲು ತೊಳೆದುಕೊಟ್ಟ, ಸೋರುವ ಹೆಂಚು ಸರಿಮಾಡಿದ. ಒಂದು ದಿನ, ‘ಉಳಿದಿರೋ ರಾಗಿ ಹಾಳಾಗೋದ್ಯಾಕೆ, ಒಂದು ಮಡಕೆ ನಿಮ್ಮನೇಲಿ ಇಟ್ಟು ನೋಡ್ಲಾ’ ಎಂದು ಕೇಳಿದ. ನನಗೆ ಭಯವಾಯಿತು. ಹಗೆಯಿರುವವನು ನನ್ನ ಸೂರಿನಡಿ ಹುದುಗು ಇಟ್ಟರೆ ನನ್ನ ಹಿಟ್ಟಿನ ಗತಿಯೇನು. ಆಮೇಲೆ ಹೊಳೆಯಿತು, ಅವನು ಇಲ್ಲಿ ಮಲಗತೊಡಗಿ ಎಷ್ಟೋ ದಿನವಾಯಿತು, ನನ್ನ ಹಿಟ್ಟು ದಿನಾ ಉಕ್ಕುತ್ತಲೇ ಇದೆ. ಹಾಗಾದರೆ ಆ ಮನೆಯಲ್ಲಿ ಏಳದಿರುವುದು ಯಾರಿಂದ ಎಂಬುದನ್ನು ಮುಂದಕ್ಕೆ ಯೋಚಿಸಲು ನನಗೆ ಇಷ್ಟವಾಗಲಿಲ್ಲ. ಆದರೂ ಆಗಲಿ ಎಂದೆ.

ಅವನ ಮಡಕೆ ಎದ್ದಿತು. ಬೆಳಿಗ್ಗೆ ಅಡುಗೆಮನೆಗೆ ಹೋದರೆ ಮುಚ್ಚಳ ಪಕ್ಕಕ್ಕೆ ಬಿದ್ದು, ಮಡಕೆಯ ಕುತ್ತಿಗೆಯಿಂದ ಕೆಂಪು ನೊರೆ ಇಳಿಯುತ್ತಿತ್ತು. ಹಣ್ಣಾದ ಬಾಳೆಯಂಥ, ಸುಟ್ಟ ರೊಟ್ಟಿಯಂಥ ಒಂದು ವಾಸನೆ ಮನೆಯೆಲ್ಲ ತುಂಬಿಕೊಂಡಿತ್ತು. ಮರಿಸಿದ್ದ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಖುಷಿಯಾಗಿರಬೇಕಿತ್ತು. ಅವನು ನನ್ನನ್ನು ನೋಡಿ, ‘ಕೆಂಚಿಗೆ ಹೇಳಬೇಡಿ. ಚೆಲ್ಲಿಬಿಡೋಣ’ ಎಂದ.

ಆದರೆ ಆ ವಾಸನೆಯನ್ನು ಕಟ್ಟಿಹಾಕುವುದು ಯಾರಿಂದ ಆಗುತ್ತದೆ. ಬೀದಿಯ ಮುದುಕನೊಬ್ಬ ಅದನ್ನು ಹಿಡಿದು ಓಡಿಬಂದು ಬಾಗಿಲಲ್ಲಿ ಅಳುತ್ತ ನಿಂತ. ಸ್ವಲ್ಪ ಹೊತ್ತಿಗೆ ಕೆಂಚಮ್ಮ ಬಂದಳು. ಯಾರೂ ಕರೆದಿರಲಿಲ್ಲ. ಭುಜದ ಮೇಲೆ ಅಳತೆಯ ಟೇಪು ಹಾಗೆಯೇ ಇತ್ತು. ಹೊಸ್ತಿಲ ಹೊರಗೇ ನಿಂತು ಒಳಗಿನ ಮಡಕೆಯನ್ನೂ ಅಣ್ಣನನ್ನೂ ನೋಡಿದಳು.

‘ನೀನೊಬ್ಬನೇ ಮಾಡಿದ್ದಾ?’

‘ಹೂಂ.’

‘ಒಂದು ಲೋಟ ಕೊಡು.’

ಅವನು ತುಂಬಿ ತಂದುಕೊಟ್ಟ. ಅವಳು ಅಲ್ಲೇ ಹೊರಗೆ ನಿಂತು ಕುಡಿದಳು, ನಿಧಾನವಾಗಿ, ಕೊನೆಯ ಹನಿಯವರೆಗೂ. ‘ಅಪ್ಪನ ಕೈಯಂಗೇ ಐತೆ’ ಎಂದಳು. ಆಮೇಲೆ ಜಗಲಿಯ ಮೇಲೆ ಕೂತಳು.

ಹಿಟ್ಟಿಗೆ ಬಂದವರನ್ನು ನಾನು ಸನ್ನೆ ಮಾಡಿ ಕಳಿಸಿಬಿಟ್ಟೆ.

‘ಹಂಗಾದ್ರೆ ಅಷ್ಟೂ ವರ್ಷ ನಾನೇ’ ಎಂದಳು ಕೊನೆಗೆ. ಪ್ರಶ್ನೆಯ ಹಾಗಿರಲಿಲ್ಲ. ‘ಅಪ್ಪ ಆ ಗುಡಾಣದ ಮುಂದೆ ಕೂತ್ಕೊಂಡಿದ್ನಲ್ಲ. ನಾನು ಬಿಟ್ಟಿದ್ದೀನಿ ಅಂದೆ ಅವನಿಗೆ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ. ಬಿಟ್ಟಿದ್ದೀನಿ ಅಂತಾನೇ ತಿಳ್ಕೊಂಡಿದ್ದೆ.’

ಮರಿಸಿದ್ದ ಅವಳ ಪಕ್ಕ ಒಂದು ಮಾರು ದೂರದಲ್ಲಿ ಕೂತ. ‘ಈಗ ಬಿಡು. ಆಗ್ಹೋಯ್ತು.’

‘ಬಿಡೋಕೆ ನೋಡ್ತಿದ್ದೀನಿ ಕಣೋ. ಇಲ್ಲಿ ಕೂತ್ಕೊಂಡೇ ನೋಡ್ತಿದ್ದೀನಿ. ಆಗ್ತಿಲ್ಲ.’ ಅವಳು ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ‘ಬಂದ ಗಂಡುಗಳನ್ನೆಲ್ಲ ವಾಪಸ್ ಕಳಿಸ್ದೆ. ನಿನ್ನ ಊರು ಬಿಡಿಸ್ದೆ. ಅಪ್ಪನ್ನ ಹಂಗೆ ಕಳಿಸ್ಕೊಟ್ಟೆ. ಇದೊಂದಕ್ಕೋಸ್ಕರ ಅಷ್ಟೆಲ್ಲ ಕೊಟ್ಟಿದ್ದೀನಿ. ಈಗ ಇದೇನೂ ದೊಡ್ಡದಲ್ಲ ಅಂತ ಕೆಳಗಿಟ್ರೆ, ಆ ಕೊಟ್ಟಿದ್ದೆಲ್ಲ ಏನಾಯ್ತು?’

‘ಇಟ್ಕೋ ಹಂಗಾದ್ರೆ. ನಾನೇನು ಅದನ್ನ ಕಿತ್ಕೊಂಡ್ ಹೋಗೋಕೆ ಬಂದಿಲ್ಲ’ ಎಂದ ಮರಿಸಿದ್ದ. ಅವನ ದನಿಯಲ್ಲಿ ಬೇಸರವಿರಲಿಲ್ಲ. ಅವಳು ಅವನ ಕಡೆ ತಿರುಗಿ, ಅವನ ಸವೆದ ಕಾಲರನ್ನು ದರ್ಜಿಯ ಕಣ್ಣಿನಿಂದ ನೋಡಿ, ‘ಅಂಗಿ ಬಿಚ್ಚಿಕೊಡು, ಕಾಲರು ತಿರುಗಿಸಿ ಹೊಲಿದುಕೊಡ್ತೀನಿ’ ಎಂದಳು. ಅವಳಿಂದ ಅಷ್ಟು ಸಾಧ್ಯವಾಯಿತು. ಅವನು ಅಂಗಿ ಬಿಚ್ಚಿಕೊಟ್ಟ.

ಹಬ್ಬಕ್ಕೆ ಆ ಒಂದು ಮಡಕೆಯೇ ಹೋಯಿತು. ಫಾಲಾಕ್ಷ ಬೋರ್ಡಿನ ಮೇಲೆ ಯಾರ ಹೆಸರು ಹಾಕುವುದೆಂದು ಒದ್ದಾಡುತ್ತಿದ್ದ. ಕೆಂಚಮ್ಮ, ‘ಅವನೇ ಮಾಡಿದ್ದು, ಅವನ ಹೆಸರೇ ಬರೀರಿ’ ಎಂದಳು. ಮರಿಸಿದ್ದ ಸುತರಾಂ ಒಪ್ಪಲಿಲ್ಲ. ಕೊನೆಗೆ ಬರಿದೇ ‘ಕೆನ್ನೊರೆ’ ಎಂದು ಬರೆಸಿ ನೇತುಹಾಕಿದರು. ಒಬ್ಬೊಬ್ಬರಿಗೆ ಒಂದೊಂದು ಗುಟುಕು. ಹಳಬರು ಕಣ್ಣು ಮುಚ್ಚಿಕೊಂಡು ಕುಡಿದರು. ಹೊರಗಿನವರು ಫೋಟೊ ತೆಗೆದುಕೊಂಡರು, ಮುಂದಿನ ವರ್ಷ ಪೀಪಾಯಿಗಟ್ಟಲೆ ಮಾಡಿ ಎಂದರು. ಕೆಂಚಮ್ಮ ಮೈದಾನದ ಅಂಚಿನಲ್ಲಿ, ಬಾಡಿಗೆ ಕುರ್ಚಿಯೊಂದರಲ್ಲಿ ಕೂತು ನೋಡಿದಳು. ಬಂದವರಾರಿಗೂ ಅವಳು ಯಾರೆಂದು ತಿಳಿದಿರಲಿಲ್ಲ. ಬೋರ್ಡು ನೋಡಿ ಅವಳಿಗೆ ಏನನಿಸಿತೋ ನಾನು ಕೇಳಲಿಲ್ಲ. ಮನೆಗೆ ಹೋಗುವಾಗ, ‘ಅಕ್ಷರ ದುಂಡಗೆ ಬರೆದವ್ನೆ’ ಎಂದಳು, ಅಷ್ಟೇ.

ಮರಿಸಿದ್ದ ಮರುದಿನ ಬಸ್ಸು ಹತ್ತಿದ. ಮುಂದಿನ ವರ್ಷ ಬೇಗನೇ ಬರ್ತೀನಿ, ಗುಡ್ಡಕ್ಕೆ ಇಬ್ಬರೂ ಹೋಗೋಣ ಎಂದು ತಂಗಿಗೆ ಹೇಳಿದ. ಅವಳು ಹೂಂ ಎಂದಳು. ಹೊಲಿದ ಅಂಗಿ ಅವನ ಮೈಮೇಲಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ತೀರಿಕೊಂಡ ಸುದ್ದಿ ಬಂತು. ಆ ಕೆಮ್ಮೇ. ಕೆಂಚಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ನಾವು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವನ ಸೊಸೆ ಒಳ್ಳೆಯ ಹುಡುಗಿ, ನಮ್ಮನ್ನು ಕೂರಿಸಿ ಮೊಸರನ್ನ ಬಡಿಸಿದಳು. ಗಟ್ಟಿ ಮೊಸರು. ಹಿಂದಿನ ಕೋಣೆಯಲ್ಲಿ ಆ ಹುಡುಗಿಯ ಗಂಡನೂ ಅವನ ತಮ್ಮನೂ ಯಾವುದಕ್ಕೋ ಗಂಟಲು ಹರಿಯುವ ಹಾಗೆ ಜಗಳವಾಡುತ್ತಿದ್ದರು. ಕೆಂಚಮ್ಮ ಕೈಯಲ್ಲಿ ತುತ್ತು ಹಿಡಿದು ಅದನ್ನು ಕೇಳಿಸಿಕೊಂಡಳು, ತಟ್ಟೆಯನ್ನು ನೋಡಿದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೇಳಿದಳು. ‘ಇಲ್ಲಿ ಯಾರ ಮನಸ್ಸಲ್ಲಿ ಏನೈತೆ ಅಂತ ಗೊತ್ತೇ ಆಗಲ್ಲ ನೋಡು. ಎಲ್ಲರ ಮನೇಲೂ ಮೊಸರು. ಇಂಥ ಊರಲ್ಲಿ ಇದ್ಕೊಂಡು ಅವನು ಯಾರೂ ನೋಡದೇ ಇದ್ರೂ ಮನಸ್ಸು ತೊಳ್ಕೊಂಡಿದ್ದ. ಯಾವಾಗ ತೊಳ್ಕೊಂಡ ಅಂತ ಕೇಳ್ಬೇಕಾಗಿತ್ತು. ಹೆಂಗೆ ಅಂತಾನೂ ಕೇಳ್ಬೇಕಾಗಿತ್ತು. ಅಂಗಿ ಹೊಲಿದುಕೊಟ್ಟು ಸುಮ್ಮನಾದೆ.’ ಸೇತುವೆ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿದ್ದಳು.

ಅವನು ಸತ್ತ ಮೇಲಾದರೂ ಅವಳ ಮನೆಯಲ್ಲಿ ಹಾಲು ಹೆಪ್ಪಾಗಬಹುದೆಂದು ನಾವೆಲ್ಲ ಕಾದೆವು. ಆಗಲಿಲ್ಲ. ಅಣ್ಣನ ಮೇಲಿನದು ಹೋಯಿತೇನೋ, ನನಗೆ ತಿಳಿಯದು. ಈಗ ಅವಳ ಸಿಟ್ಟು ಬೇರೆ ಯಾರ ಮೇಲೋ ಕೂತಿದೆ. ಅದು ಯಾರ ಮೇಲೆ ಎಂದು ಅವಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಡಬ್ಬಿಯನ್ನು ಮಾತ್ರ ಈಗ ಸೆರಗಿನಡಿ ಮುಚ್ಚಿಕೊಂಡು ತರುವುದಿಲ್ಲ.

ಕೆನ್ನೊರೆ ಈಗ ಪ್ರತಿವರ್ಷ ನನ್ನ ಅಡುಗೆಮನೆಯಲ್ಲಿ ಆಗುತ್ತದೆ. ಮಾಡುವವಳು ನಾನು, ಹೇಳುವವಳು ಕೆಂಚಮ್ಮ. ಅವಳು ಒಳಗೆ ಬರುವುದಿಲ್ಲ. ಮಾಡಿನ ನೆರಳು ಎಲ್ಲಿ ಮುಗಿಯುತ್ತದೋ ಅದರಾಚೆ, ಬೀದಿಯ ಬಿಸಿಲಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ನೆರಳು ಸರಿದಂತೆ ಸ್ಟೂಲನ್ನೂ ಹಿಂದಕ್ಕೆ ಸರಿಸಿಕೊಳ್ಳುತ್ತಾಳೆ. ನಾನು ಒಳಗಿನಿಂದ, ಆರಿದೆ ಅನಿಸುತ್ತೆ ಅಕ್ಕ, ಹೂ ಹಾಕಲಾ ಎಂದು ಕೂಗುತ್ತೇನೆ. ಅವಳು ಕಿವಿಗೊಟ್ಟು, ಸೌಟು ತಿರುವುವ ಸದ್ದನ್ನು ಕೇಳಿಸಿಕೊಂಡು, ‘ಇನ್ನೂ ಸ್ವಲ್ಪ ತಡಿ’ ಎನ್ನುತ್ತಾಳೆ. ಹೋದ ಸಲ ಬಿಸಿಲು ಜೋರಿತ್ತು. ಅವಳ ಬೆವರು ನೋಡಲಾಗದೆ ಬಾಗಿಲಿಗೆ ಬಂದು, ಏನಾದರಾಗಲಿ ಒಳಗೆ ಬಾ ಅಕ್ಕ, ಒಂದು ಮಡಕೆ ಹಾಳಾದರೆ ಹಾಳಾಗಲಿ ಎಂದೆ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ತಲೆಯಾಡಿಸಿದಳು.

‘ಬ್ಯಾಡ ಕಣೆ ರಂಗಿ. ಒಳಗೆ ಅದು ಏಳ್ತಾ ಐತೆ. ನೀನು ಹೋಗು, ತಿರುವು.’